ಕಾಳಪ್ಪನ ಗರಗಸ

ಮೊದಲ ಜರ್ಮನ್ ಲಡಾಯಿ ಮುಗಿದ ಮರುವರ್ಷ, ಬೇಸಿಗೆಯ ಒಂದು ಮುಂಜಾನೆ. ನಾಗನೂರಿನ ಬಡಿಗೇರ ಕಾಳಪ್ಪ ಅಪ್ಪನ ಕಾಲದ ಗರಗಸದಿಂದ ಬಾಗಿಲ ಹಲಗೆ ಕೊಯ್ಯುತ್ತಿದ್ದ. ಕೊಯ್ತ ಗೆರೆ ತಪ್ಪಿ ಓರೆಯಾಯಿತು.

ಅಮಾವಾಸ್ಯೆಯಂದು ನಮ್ಮ ಬಡಿಗೇರರು ಗರಗಸ-ಉಳಿಯಂಥ ಆಯುಧ ಮುಟ್ಟುವುದಿಲ್ಲ. ಹೆಂಡತಿಯೊಡನೆ ವಾರದಿಂದ ಮನೆಗೆ ಬಂದಿದ್ದ ಹುಕ್ಕೇರಿಯ ಅಳಿಯ ಮೌನಪ್ಪನ ಮೇಲೆ ಕಾಳಪ್ಪ ಅಂಗಳದಲ್ಲಿ ಕೂತಿದ್ದ ಊರವರೆದುರು ಹರಿಹಾಯ್ದ: “ಮೊನ್ನಿ ಅಮಾಸಿ ದಿನಾ ಇದಕ್ಕ ಅರ ತಿಕ್ಕಿ ಹಲ್ಲು ಕೆಡಿಸೀಯಲ್ಲೋ!”

“ನಾ ಮುಟ್ಟಿಲ್ರಿ, ಮಾವಾರ.”

“ಹಂಗಾರ ನೀನ ಕೊಯ್ದು ತೋರ್ಸು!”

ಮೌನಪ್ಪ ಕೊಯ್ದ. ಗರಗಸ ಗೆರೆಯ ಮೇಲೆಯೇ ನೆಟ್ಟಗೆ ಹೋಯಿತು.

“ಗರಗಸಕ್ಕಲ್ಲೋ ಕಾಳಪ್ಪಾ, ನಿನ್ನ ಕಣ್ಣಿಗೆ ಅಮಾಸಿ ಹಿಡದೈತಿ!” ಎಂದು ಯಾರೋ ನಕ್ಕರು.

ಕಾಳಪ್ಪ ತಲೆ ಎತ್ತಲಿಲ್ಲ. ಮಗಳು ಹನಮವ್ವ ಗಂಟು ಕಟ್ಟುವಾಗಲೂ “ಇರ್ರಿ” ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತವರಿನಿಂದ ಮಗಳನ್ನು ಮಂಗಳವಾರ ಯಾರೂ ಕಳಿಸುವುದಿಲ್ಲ. ಗಂಡ ಹೆಂಡತಿ ಹುಕ್ಕೇರಿಗೆ ಹೊರಟುಹೋದದ್ದು ಅದೇ ದಿನ, ಮಂಗಳವಾರವೇ.