ಎಲ್ಲಿಗೆ ಹೊಂಟಿ

ಹೊಸ್ತಿಲು ದಾಟಿದವರನ್ನು ಹಿಂದಿನಿಂದ 'ಎಲ್ಲಿಗೆ' ಎಂದು ಕೇಳಬಾರದು. ಕೇಳಿದರೆ ಹೊರಟವರು ಒಳಗೆ ಬಂದು, ಚಪ್ಪಲಿ ಬಿಟ್ಟು, ಕುಳಿತು ನೀರು ಕುಡಿದೇ ಮತ್ತೆ ಹೊರಡಬೇಕು. ಅಮರಮ್ಮ ಬಾಯಿ ತಪ್ಪಿ ಹಾಗೆ ಕೇಳಿದ್ದು ಒಂದೇ ಸಲ. ಏಳು ವರ್ಷದ ಹಿಂದೆ, ಹಿರಿಯ ಮಗ ಹಂಪಣ್ಣ ಕಡಲೆ ಹೊಲಕ್ಕೆ ಹೊರಟಾಗ.

"ಕೇಳೇ ಬಿಟ್ಟೆಲ್ಲಬೇ ಯವ್ವಾ" ಎಂದು ಅವನು ನಕ್ಕ. ಒಳಗೆ ಬರಲಿಲ್ಲ, ನೀರೂ ಕುಡಿಯಲಿಲ್ಲ. ಕಡಲೆಗೆ ಹೊಕ್ಕ ಕುರಿಗಳನ್ನು ಹೊರಗಟ್ಟುವಾಗ ಕುರಿಯವರ ಯಮನೂರಪ್ಪನ ಜೊತೆ ಮಾತಿಗೆ ಮಾತು ಬೆಳೆಯಿತು. ಯಮನೂರಪ್ಪನ ಕೈಯಲ್ಲಿ ಕೊಡಲಿ ಇತ್ತು.

ಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. "ಜೇಲು ಬ್ಯಾಡ್ರೀ, ಗಲ್ಲಿಗೆ ಹಾಕ್ರಿ" ಎಂದು ಅಮರಮ್ಮ ಕೊಪ್ಪಳದ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು.

ಈ ಶ್ರಾವಣದಲ್ಲಿ ಯಮನೂರಪ್ಪ ಹದಿನೈದು ದಿನದ ಪೆರೋಲಿನ ಮೇಲೆ ಊರಿಗೆ ಬಂದ. ಅವನ ತಾಯಿ ಹುಲಗಮ್ಮ ಹಾಸಿಗೆ ಹಿಡಿದಿದ್ದಳು. ದಿನಾ ಹತ್ತೂವರೆಯೊಳಗೆ ಅವನು ಬೇವೂರಿನ ಠಾಣೆಗೆ ಹೋಗಿ ಸಹಿ ಹಾಕಬೇಕು. ಬರುವಾಗ ಟಂಟಂ ರಿಕ್ಷಾ ಸಿಗುತ್ತಿತ್ತು, ಹೋಗುವಾಗ ಮಾತ್ರ ಅವನು ಹತ್ತೂಕಾಲಿನ ಬಸ್ಸು ಬಿಟ್ಟು ನಡೆದೇ ಹೋಗುತ್ತಿದ್ದ. ದಾರಿ ಇರುವುದು ಊರ ಕೊನೆಯ ಅಮರಮ್ಮನ ಮನೆಯ ಮುಂದೆಯೇ. ಮುಂದೆ ಹಳ್ಳದ ಸೇತುವೆ, ಅದರ ಎರಡೂ ಬದಿಗೆ ಆಳೆತ್ತರದ ಜಾಲಿ.

ಅವನು ಬಂದ ಮಾರನೆಯ ಬೆಳಿಗ್ಗೆ ಅಮರಮ್ಮ ದೇವರ ಮುಂದೆ ಕೂತಿದ್ದಳು. ಹಿತ್ತಲಿಂದ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸಪ್ಪಳ ಬಂತು. ಉಜ್ಜುವುದು, ನೀರು ಚಿಮುಕಿಸುವುದು, ಮತ್ತೆ ಉಜ್ಜುವುದು. ಹಚ್ಚಿಕೊಳ್ಳುತ್ತಿದ್ದ ವಿಭೂತಿ ಬೆರಳಲ್ಲೇ ಉಳಿಯಿತು.

ಹತ್ತು ಗಂಟೆಗೆ ದಾರಿಯಲ್ಲಿ ಒಂದು ಕಾಲಿನ ಚಪ್ಪಲಿ ಎಳೆಯುತ್ತ ಯಾರೋ ನಡೆದು ಹೋದರು. ಯಮನೂರಪ್ಪನ ಆ ನಡಿಗೆಯನ್ನು ಅವಳು ಮರೆತಿರಲಿಲ್ಲ. ಹಿಂದೆಯೇ ಕಿರಿಯ ಮಗ ಗೌರೀಶ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಹೊಸ್ತಿಲು ದಾಟಿದ.

ಅವಳ ಬಾಯಿಂದ ಬಂದದ್ದು ಇಷ್ಟೇ: "ಎಲ್ಲಿಗೆ ಹೊಂಟೀಯಪ್ಪಾ?"

ಗೌರೀಶ ನಿಂತ. ಅಣ್ಣ ನಿಲ್ಲದೆ ಹೋಗಿದ್ದನ್ನು ಅವನು ಇದೇ ಬಾಗಿಲಲ್ಲಿ ಕಂಡಿದ್ದ. ಹಲ್ಲು ಕಚ್ಚಿ ಒಳಗೆ ಬಂದು ಕುಳಿತ. ಅಮರಮ್ಮ ನೀರು ತರಲು ಎಷ್ಟು ತಡ ಮಾಡಬಹುದೋ ಅಷ್ಟು ಮಾಡಿದಳು. ಅವನು ಕುಡಿದು ಏಳುವ ಹೊತ್ತಿಗೆ ಚಪ್ಪಲಿಯ ಸಪ್ಪಳ ಸೇತುವೆ ದಾಟಿತ್ತು.

ಅಂದಿನಿಂದ ದಿನಾ ಇದೇ. ಹತ್ತು ಹತ್ತಿರವಾದಂತೆ ಅವಳ ನಾಲಿಗೆ ಒಣಗುತ್ತಿತ್ತು.

"ಏನ್ಬೇ ಅಮರವ್ವಾ, ಹಿಂಗ ದಿನಾ ಕೇಳಿದ್ರ ನಿನ್ನ ಮಗ ನೀರು ಕುಡದ ಹೊಟ್ಟಿ ತುಂಬಿಸ್ಕೋತಾನ. ರೊಟ್ಟಿ ಉಳಿತಾವ ಬಿಡು ನಿನಗ" ಎಂದು ಪಕ್ಕದ ಮನೆಯ ಸರ್ದಾರಬೀ ನಕ್ಕಳು. ಅಮರಮ್ಮ ನಗಲಿಲ್ಲ. ಆಗ ಸರ್ದಾರಬೀಯೂ ನಗು ನಿಲ್ಲಿಸಿ, ದನಿ ತಗ್ಗಿಸಿ, "ಪೊಲೀಸರಿಗರ ಹೇಳು" ಎಂದಳು.

ಅಮರಮ್ಮ ಹೇಳಬೇಕೆಂದೇ ಇದ್ದಳು. ಐದನೆಯ ದಿನ ಹವಾಲ್ದಾರ ಮಾಜೀದ ಬಂದು, "ಯಮ್ಮಾ, ನಿಮ್ಮ ಕಡಿಯಿಂದ ಏನೂ ಗದ್ದಲ ಇಲ್ಲಲ್ಲ?" ಎಂದು ಕೇಳಿದಾಗ ಅವಳ ಬಾಯಿಂದ ಬಂದದ್ದು "ಇಲ್ರೀ ಸಾಹೇಬ್ರ" ಎಂಬ ಮಾತು. ಹೇಳಿದರೆ ಗೌರೀಶನನ್ನೂ ಒಯ್ಯುತ್ತಾರೆ.

ಆ ಸಂಜೆ ರೊಟ್ಟಿ ಬಡಿಯುತ್ತ ಮಗನಿಗೆ ಹೇಳಿದಳು: "ಕೋರ್ಟು ಶಿಕ್ಷಾ ಕೊಟ್ಟೈತೆಲ್ಲೋ."

"ಶಿಕ್ಷಾ? ಅವ ಹೊತ್ತೊತ್ತಿಗೆ ಉಣ್ತಾನ. ತಾಯಿಗೆ ಆರಾಮಿಲ್ಲಂದ್ರ ನೋಡಾಕ ಬರ್ತಾನ. ಅಣ್ಣನ್ನ ನೋಡಬೇಕಂದ್ರ ನೀ ಎಲ್ಲಿಗೆ ಹೋಗ್ತಿ, ಹೇಳು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ತಾಯಿ ಬೀಸುವಾಗ ಹಾಡಿಕೊಳ್ಳುತ್ತಿದ್ದ ಒಂದು ಸಾಲು ಸುಮ್ಮನೆ ಕಿವಿಯಲ್ಲಿ ತಿರುಗಿತು. ಬೀಸುಕಲ್ಲಿಗೆ ಹಸಿವಿಲ್ಲ ತಾಯಿ, ಕಾಳು ಹಾಕಿದವರಿಗೆ ಬಿಡುವಿಲ್ಲ.

"ನಿನ್ನನ್ನ ನೋಡಾಕ ನಾ ಬಳ್ಳಾರಿ ಜೇಲಿಗೆ ಹೋಗಬೇಕಾಗ್ತೈತಿ" ಎಂದಷ್ಟೇ ಅಂದಳು.

"ಹೋಗು. ನಾ ಅಲ್ಲಿ ಇರ್ತೀನೆಲ್ಲ. ಅಣ್ಣನಂಗ ಮಣ್ಣಾಗ ಇರೂದಿಲ್ಲ."

ಹದಿನೈದನೆಯ ದಿನ ಅಮರಮ್ಮ ಸ್ನಾನ ಮುಗಿಸಿ ಬಂದಾಗ ಮನೆ ಖಾಲಿ. ಎಂಟು ಗಂಟೆಯೂ ಆಗಿರಲಿಲ್ಲ. ಅವನು ಗೋಣಿಚೀಲ ಬಚ್ಚಿಡುತ್ತಿದ್ದ ಮೇವಿನ ಹಿಂದೆ ಕೈಯಾಡಿಸಿದಳು. ಅದು ಇರಲಿಲ್ಲ. ಕೇಳುವ ಬಾಯಿ ಇಲ್ಲದ ಹೊತ್ತು ನೋಡಿ ಹೋಗಿದ್ದ.

ಸೇತುವೆಯ ತನಕ ಹೋಗಿ ಕರೆದಳು. ಜಾಲಿಯೊಳಗೆ ಒಣ ಕಡ್ಡಿ ಮುರಿದ ಸದ್ದಾಯಿತು, ಮತ್ತೆ ನಿಂತಿತು. "ಮನಿಗೆ ನಡೀಬೇ" ಎಂದಿತು ದನಿ. ಅದು ಮಗನ ದನಿಯಂತೆ ಇರಲಿಲ್ಲ. ಅವಳಿಗೆ ಮೊದಲ ಸಲ ತಾನು ಹೆತ್ತವನ ಭಯವಾಯಿತು.

ಮನೆಯ ಕಟ್ಟೆಗೆ ಬಂದು ಕೂತಳು. ಎರಡು ತಾಸು. ಒಂದು ನೊಣ ಕೂತರೂ ಮೈ ಬೆಚ್ಚುತ್ತಿತ್ತು. ಆಮೇಲೆ ಚಪ್ಪಲಿ ಎಳೆಯುವ ಸಪ್ಪಳ ಕೇಳಿಸಿತು. ಹೆಗಲಿಗೆ ಚೀಲ ಹಾಕಿಕೊಂಡು ಯಮನೂರಪ್ಪ ಬಂದ. ಇವತ್ತು ಸಹಿ ಹಾಕಿ ಬೇವೂರಿನಿಂದಲೇ ಜೇಲಿಗೆ ಮರಳುವವನು. ತಲೆ ತಗ್ಗಿಸಿ ಮನೆ ದಾಟಿದ.

ಹೋಗಲಿ ಎಂದಿತು ಒಂದು ಮನಸ್ಸು. ಕೋರ್ಟಿನ ಮೆಟ್ಟಿಲ ಮೇಲೆ ತಾನು ಬೇಡಿದ್ದು ಇದನ್ನೇ ಅಲ್ಲವೇ? ಇನ್ನೂರು ಹೆಜ್ಜೆ ಸುಮ್ಮನಿದ್ದರೆ ಸಾಕು. ಸುಮ್ಮನೆ ಕೇಳಿಸಿಕೊಂಡು ಕೂರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಜಾಲಿಯಲ್ಲಿ ಮುರಿದ ಕಡ್ಡಿಯ ಸದ್ದು ಇನ್ನೂ ಕಿವಿಯಲ್ಲಿತ್ತು.

"ಎಲ್ಲಿಗೆ ಹೊಂಟೀಯೋ ಯಮನೂರಾ?"

ಅವನು ನಿಂತ. ಅವನು ಎಲ್ಲಿಗೆ ಹೋಗುತ್ತಾನೆಂದು ಊರಿಗೆಲ್ಲ ಗೊತ್ತಿತ್ತು, ಕೇಳಿದವರು ಯಾರೂ ಇರಲಿಲ್ಲ. ನಿಧಾನ ತಿರುಗಿ ಬಂದು, ಚಪ್ಪಲಿ ಬಿಟ್ಟು, ಕಟ್ಟೆಯ ತುದಿಗೆ ಕುಳಿತ.

"ನೀರು ಕೊಡ್ತಿಯೇನು ದೊಡ್ಡವ್ವಾ?"

ಕೊಟ್ಟಳು. ಅವನು ತಂಬಿಗೆ ಎತ್ತಿ ಕುಡಿದ. ಗಂಟಲು ಏರಿಳಿಯುವುದನ್ನು ಅವಳು ನೋಡಲಿಲ್ಲ.

"ತಪ್ಪಾತು ಅಂತ—"

"ಬ್ಯಾಡ. ಆ ಮಾತು ಕೇಳಾಕ ನಿಂದರ್ಸಿಲ್ಲ. ಬಸ್ಸು ಬರೂತನಾ ಕುಂದರು."

"ಗೌರೀಶ ಸೇತುವಿ ಹತ್ರ ಅದಾನೇನು?"

"ನಿನಗ ಗೊತ್ತಿತ್ತು?"

"ಮದಲನೇ ದಿನದಿಂದ. ಕಲ್ಲಿಗೆ ಕಬ್ಬಿಣ ಮಸಿಯೂ ಸಪ್ಪಳ ನನಗ ತಿಳೀದಿಲ್ಲೇನು?"

"ಮತ್ತ ಯಾಕ ನಡಕೋತ ಹೋಗ್ತಿದ್ದಿ?"

ಯಮನೂರಪ್ಪ ತಂಬಿಗೆಯನ್ನು ಕೆಳಗಿಟ್ಟ. "ಒಳಗ ದಿನಾ ಬೆಳಗಾಗ್ತೈತಿ, ದೊಡ್ಡವ್ವಾ. ದಿನಾ ಆ ಕಡ್ಲಿ ಹೊಲ ಕಾಣ್ತೈತಿ. ಸಾಕಾಗೈತಿ. ಅವ ಒಂದ ಏಟು ಹಾಕಿದ್ರ ಮುಗೀತಿತ್ತು."

ಏಳು ವರ್ಷದಲ್ಲಿ ಮೊದಲ ಸಲ ಅಮರಮ್ಮ ಅವನ ಮುಖ ನೋಡಿದಳು. "ಮುಗೀಬಾರದು" ಎಂದಳು. "ನನಗೂ ದಿನಾ ಬೆಳಗಾಗ್ತೈತಿ. ಹೋಗಿ ಪೂರಾ ಮಾಡು. ನನ್ನ ಇನ್ನೊಂದು ಮಗನ ಕೈಲೆ ಬಿಡುಗಡಿ ಬೇಡಬ್ಯಾಡ."

ಬಸ್ಸು ಬಂತು. ಅಮರಮ್ಮ ರಸ್ತೆಯ ನಡುವೆ ನಿಂತು ಕೈ ಮಾಡಿದಳು. ಅವನು ಹತ್ತಿದ ಮೇಲೆ ಕಿವಿಗೊಟ್ಟು ನಿಂತಳು. ಸೇತುವೆಯ ಮೇಲೆ ಬಸ್ಸಿನ ದನಿ ಒಂದಿಷ್ಟು ಗಡುಸಾಯಿತು, ಮತ್ತೆ ಮೊದಲಿನಂತಾಗಿ ದೂರವಾಯಿತು.

ಸ್ವಲ್ಪ ಹೊತ್ತಿಗೆ ಗೌರೀಶ ಬಂದ. ಮೈಗೆಲ್ಲ ಜಾಲಿ ಮುಳ್ಳು ಗೀರಿತ್ತು. ಕಟ್ಟೆಯ ಮೇಲಿನ ತಂಬಿಗೆ ನೋಡಿದ.

"ಅವಗ ನೀರು ಕೊಟ್ಟಿ?"

"ಹೂಂ."

"ಅಣ್ಣಗ ಕುಡಿಸಾಕಾಗ್ಲಿಲ್ಲ ನಿನಗ."

ಅವಳು ತಂಬಿಗೆ ಎತ್ತಿಕೊಂಡಳು. ಗೌರೀಶ ಗೋಣಿಚೀಲವನ್ನು ಮೂಲೆಗೆ ಇಟ್ಟ. ಇಟ್ಟವನು ಹೇಳಿದ: "ಒಂದಿನ ಅವ ಪೂರಾ ಹೊರಗ ಬರ್ತಾನಬೇ. ಆವಾಗ ಕೇಳಾಕ ನೀ ಇರೂದಿಲ್ಲ."

ಅದು ಅವಳಿಗೂ ಗೊತ್ತಿತ್ತು. ಗೌರೀಶ ತಿರುಗಿ ಹೊಸ್ತಿಲು ದಾಟಿದ. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಅವಳ ನಾಲಿಗೆ ಒಣಗಿತು.

"ಎಲ್ಲಿಗೆ ಹೊಂಟೀಯಪ್ಪಾ?"

ಅವನು ಬೆನ್ನು ತಿರುಗಿಸಿಯೇ ನಿಂತ. ಆಮೇಲೆ ಒಂದು ಚಪ್ಪಲಿ ಬಿಟ್ಟ ಸಪ್ಪಳವಾಯಿತು. ತಂಬಿಗೆ ಹಿಡಿದುಕೊಂಡು ಅಮರಮ್ಮ ಎರಡನೆಯದಕ್ಕೆ ಕಿವಿಗೊಟ್ಟು ನಿಂತಳು.