ತೊಳೆದ ಕೈಗವಸು

ನನ್ನ ಅಳಿಯ ಕಂಪನಿಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥ. ಅಲ್ಲಿನ ನೀತಿ ಸಮಿತಿಗೂ ಅವನೇ ಅಧ್ಯಕ್ಷ. ವರ್ಷಕ್ಕೊಮ್ಮೆ ಕಾರ್ಖಾನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಲಂಚ ಮುಟ್ಟುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಪ್ರಮಾಣ ಮಾಡಿಸುತ್ತಿದ್ದ. ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ನಡೆಯುತ್ತಿತ್ತು. ನಾನು ಸೊಪ್ಪು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಳ್ಳೆಯ ಕಂಠ. ಮಗಳನ್ನು ಒಳ್ಳೆಯ ಕಡೆಗೇ ಕೊಟ್ಟೆ ಎಂದುಕೊಳ್ಳುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ಇಬ್ಬರು ಆಳುಗಳು ಬಂದು ನಡುಮನೆಯ ಸೋಫಾ ಎತ್ತಿ ಪಕ್ಕದ ಮನೆಗೆ ಸಾಗಿಸಿದರು. ಟೀವಿ ಮಲಗುವ ಕೋಣೆ ಸೇರಿತು. ಖಾಲಿಯಾದ ಜಾಗಕ್ಕೆ ಎರಡು ಉದ್ದನೆಯ ಮೇಜು, ತೂಕದ ಯಂತ್ರ, ರಟ್ಟಿನ ಪೆಟ್ಟಿಗೆಗಳು ಬಂದವು. ಅಳಿಯ ಏಣಿ ಹತ್ತಿ ಬಾಗಿಲ ಮೇಲೆ ಬೋರ್ಡು ಹೊಡೆಯುತ್ತಿದ್ದ. ಸುರಕ್ಷತಾ ಸಾಮಗ್ರಿ ತಯಾರಕರು ಎಂದು ಬರೆದಿತ್ತು. ಕೆಳಗೆ ಮಾಲೀಕರು ಎಂದು ನನ್ನ ಹೆಸರು.

ಇದೇನಪ್ಪಾ ಎಂದು ಕೇಳಿದೆ.

"ಎರಡು ವರ್ಷದಿಂದ ನೀವೇ ಮಾಲೀಕರು, ಅತ್ತೆ. ಹೇಳೋಕೆ ಮರೆತುಹೋಗಿತ್ತು," ಎಂದು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ.

ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೂ ಒಂದು ಖಾತೆ ಇರಲಿ ಎಂದು ಹಿಂದೊಮ್ಮೆ ಅವನು ಕಾಗದ ತಂದಾಗ ಸಹಿ ಹಾಕಿದ್ದೆ. ಸ್ವಂತ ಅಳಿಯನನ್ನು ನಂಬದೆ ಇನ್ನಾರನ್ನು ನಂಬುವುದು? ಮಗಳು ತರಕಾರಿ ಹೆಚ್ಚುತ್ತ, ನೆರೆಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಎಲ್ಲ ಬಿಡಿಸಿ ಹೇಳಿದಳು. ನನ್ನ ಹೆಸರಿನ ಕಂಪನಿ ಅಳಿಯನ ಕಂಪನಿಗೆ ಕೈಗವಸು ಮಾರುತ್ತದೆ. ಮಾರುವವನೂ ಅವನೇ, ಕೊಳ್ಳುವವನೂ ಅವನೇ. ಹಾಲು ಕಾಯೋಕೆ ಬೆಕ್ಕನ್ನಿಟ್ಟ ಹಾಗಾಯಿತಲ್ಲೇ ಎಂದೆ. ಆ ಹಾಲನ್ನೇ ನೀನೂ ಕುಡೀತಿರೋದು ಎಂದಳು.

ಇಷ್ಟೆಲ್ಲ ನಾಟಕ ಈಗ ಯಾಕೆ ಬೇಕಾಯಿತೆಂದರೆ, ಅಳಿಯನ ಕಂಪನಿಯ ಉಗ್ರಾಣ ನೋಡಿಕೊಳ್ಳುವವನೊಬ್ಬನಿದ್ದ. ಬಂದ ಮಾಲನ್ನೆಲ್ಲ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಮೂಗಪ್ಪ. ನಮ್ಮ ಕೈಗವಸು ಹಾಕಿಕೊಂಡ ಕೆಲಸಗಾರರ ಅಂಗೈಯಲ್ಲಿ ಹುಣ್ಣೆದ್ದವು. ಮೂಗಪ್ಪ ಮಾಲು ವಾಪಸ್ಸು ಕಳಿಸಿದ. ಅವನು ಮೇಲಿನವರಿಗೆ ದೂರು ಕೊಡುವ ಮೊದಲೇ ಅಳಿಯ ಅವನ ಮೇಲೆ ದೂರು ಕೊಟ್ಟ: ಮಾಲು ಒಪ್ಪಿಕೊಳ್ಳಲು ಮಾಲೀಕಳ ಹತ್ತಿರ ಲಂಚ ಕೇಳಿದ ಎಂದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಮೂಗಪ್ಪನನ್ನು ಕೆಲಸದಿಂದ ಅಮಾನತು ಮಾಡಿ ಮನೆಯಲ್ಲಿ ಕೂರಿಸಿದ್ದರು. ನನ್ನ ಹೆಸರಿನ ಕಂಪನಿಗೆ ಕೊಟ್ಟ ವಿಳಾಸ ಈ ಮನೆಯದೇ; ಸೋಮವಾರ ಮುಖ್ಯ ಕಚೇರಿಯಿಂದ ತನಿಖೆಗೆ ಇಲ್ಲಿಗೇ ಬರುವವರು ಮಾಲೀಕಳನ್ನೇ ಕೇಳುತ್ತಾರೆ. ನಾನು ಹೌದು ಎಂದರೆ ಅವನ ಕೆಲಸವೂ ಹೋಯಿತು, ಮಾನವೂ ಹೋಯಿತು.

"ಹೌದು, ಕೇಳಿದ್ದ. ಅಷ್ಟೇ ಅತ್ತೆ, ಒಂದು ಮಾತು," ಎಂದ ಅಳಿಯ. "ಉಳಿದದ್ದಕ್ಕೆ ನಿಮಗೆ ಕಿವಿ ಮಂದ ಅಂತ ಹೇಳಿಟ್ಟಿದ್ದೀನಿ."

"ನನ್ನ ಕಿವಿಗೇನಾಗಿದೆ?"

"ನಾಳೆ ಒಂದು ದಿನ ಮಂದ ಆಗ್ಲಿ ಬಿಡಿ."

ಮಧ್ಯಾಹ್ನ ಮೂಟೆಗಳು ಬಂದವು. ಬಾಯಿ ಬಿಚ್ಚಿದ ಕೂಡಲೇ ಹಳೇ ಬೆವರು, ಎಣ್ಣೆ, ಸಾಬೂನು ಮೂರೂ ಕಲಸಿದ ವಾಸನೆ ಮನೆ ತುಂಬಿತು. ಬೇರೆ ಕಾರ್ಖಾನೆಗಳು ಕಸಕ್ಕೆಸೆದದ್ದನ್ನು ಗುಜರಿಯಿಂದ ಕೊಂಡು ತೊಳೆಸಿದ ಕೈಗವಸುಗಳು ಅವು. ಮಗಳ ಮೈದುನ, ಓರಗಿತ್ತಿ ಕೆಲಸಗಾರರ ವೇಷದಲ್ಲಿ ಮೇಜಿಗೆ ಕೂತರು. ಮಗುಚಿ, ಪೌಡರ್ ಉದುರಿಸಿ, ಜೋಡಿ ಮಾಡಿ ಹೊಸ ಕವರಿಗೆ ತುಂಬುವುದು ಕೆಲಸ. ಸುಮ್ಮನೆ ಕೂರಬೇಡಿ ಎಂದು ನನ್ನ ಮುಂದೆಯೂ ಒಂದು ರಾಶಿ ಸುರಿದರು. ಮಗುಚಲು ಒಂದರೊಳಗೆ ಕೈ ಹಾಕಿದೆ. ಬೆರಳ ತುದಿಗೆ ಏನೋ ಮೆತ್ತಗೆ ತಗುಲಿತು. ಎಳೆದರೆ ಗಾಯಕ್ಕೆ ಸುತ್ತಿದ್ದ ಪಟ್ಟಿ, ಹಳದಿಗಟ್ಟಿದ ಹತ್ತಿ, ಅದಕ್ಕೆ ಅಂಟಿದ ಅರ್ಧ ಉಗುರು.

ಬಚ್ಚಲಿಗೆ ಓಡಿದೆ. ಬೆಳಗಿನ ಕಾಫಿಯೂ ಹೊಟ್ಟೆಯಲ್ಲಿ ಉಳಿಯಲಿಲ್ಲ.

"ಇಷ್ಟಕ್ಕೆಲ್ಲ ಹೇಸಿದ್ರೆ ಹೇಗಮ್ಮ?" ಎಂದಳು ಓರಗಿತ್ತಿ. "ಯಾವುದರಲ್ಲಾದ್ರೂ ಉಂಗುರ ಸಿಗುತ್ತೇನೋ ಅಂತ ನಾನು ಹುಡುಕ್ತಾ ಇದೀನಿ."

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಅವಳನ್ನು ಅಡುಗೆಮನೆಗೆ ಕರೆದು, ಇದನ್ನು ಇನ್ನೊಬ್ಬರ ಕೈಗೆ ತೊಡಿಸ್ತೀರಲ್ಲೇ ಎಂದು ಕೇಳಿದೆ.

"ತೊಳೆದಿರ್ತಾರಮ್ಮ. ಹೋಟೆಲ್ ತಟ್ಟೇಲಿ ನೀನು ತಿನ್ನಲ್ವಾ? ಅದರಲ್ಲೂ ಯಾರೋ ತಿಂದಿರ್ತಾರೆ."

ಆ ಮೂಗಪ್ಪನ ಗತಿ ಏನೆಂದರೆ, ಅವನಿಗೆ ಎಲ್ಲಾದರೂ ಸಿಗುತ್ತೆ, ಇವರ ಕೆಲಸ ಹೋದರೆ ನಿನ್ನ ಮಾತ್ರೆಗೂ ಗತಿಯಿಲ್ಲ ಎಂದಳು. ನಾನು ಹೆತ್ತು ಸಾಕಿದ ಮಗಳ ಬಾಯಿ.

ಸೋಮವಾರ ತನಿಖೆಗೆ ಬಂದದ್ದು ನಡುವಯಸ್ಸಿನ ಒಬ್ಬ ಹೆಂಗಸು. ಬೇರೆ ಊರಿನವಳು, ಇಲ್ಲಿನ ಯಾರ ಮನೆಯೂ ಗೊತ್ತಿಲ್ಲದವಳು. ದಾರಿ ತೋರಿಸುವ ನೆಪದಲ್ಲಿ ಅಳಿಯನೂ ಅವಳ ಹಿಂದೆ ಬಂದ. ತನ್ನ ಮನೆಯನ್ನೇ ಮೊದಲ ಸಲ ಕಂಡವನಂತೆ ಸೂರು, ಗೋಡೆ ನೋಡಿದ. ನನಗೆ ಕೈಮುಗಿದು, "ನಮಸ್ಕಾರ, ನೀವೇನಾ ಮಾಲೀಕರು?" ಎಂದ. ಹೆಂಡತಿಯನ್ನು ಮ್ಯಾನೇಜರ್ ಮೇಡಂ ಎಂದು ಕರೆದು, ಬಚ್ಚಲು ಎಲ್ಲಿದೆ ಎಂದು ಕೇಳಿದ. ಅವಳು ದಾರಿ ತೋರಿಸಿದಳು. ಥೂ, ನಾಚಿಕೆ ಎನ್ನುವುದು ಈ ಮನೆಯ ಹೊಸ್ತಿಲನ್ನೇ ತುಳಿದಿಲ್ಲವೇನೋ ಅನ್ನಿಸಿತು.

ಆ ಹೆಂಗಸು ನನ್ನ ಪಕ್ಕ ಕೂತು, ಕಿವಿ ಮಂದವೆಂದು ಗಟ್ಟಿಯಾಗಿ, ಉಗ್ರಾಣದವನು ನಿಮ್ಮ ಹತ್ತಿರ ದುಡ್ಡು ಕೇಳಿದ್ದು ನಿಜವೇ ಎಂದು ಕೇಳಿದಳು. ಮಗಳು ನನ್ನ ಭುಜ ಒತ್ತಿದಳು.

"ಇಲ್ಲಮ್ಮ. ಆ ಮನುಷ್ಯನ ಮುಖಾನೇ ನಾನು ಕಂಡಿಲ್ಲ," ಎಂದೆ.

ವಯಸ್ಸಾಯಿತು, ಮರೆವು ಎಂದಳು ಮಗಳು.

"ಮರೆವಲ್ಲ. ಈ ಅಂಗಡಿ ಹುಟ್ಟಿದ್ದೇ ನಿನ್ನೆ. ನಮ್ಮ ಸೋಫಾ ಪಕ್ಕದ ಮನೇಲಿದೆ, ಬೇಕಾದ್ರೆ ನೋಡಿ. ಇವಳು ನನ್ನ ಮಗಳು. ಇವರು ನನ್ನ ಅಳಿಯ."

ಅಳಿಯ ಎಳ್ಳಷ್ಟೂ ಅಳುಕಲಿಲ್ಲ. ಈ ಅಜ್ಜಿ ಯಾರೋ ನನಗೆ ಗೊತ್ತಿಲ್ಲ ಮೇಡಂ, ಮೂಗಪ್ಪನೇ ದುಡ್ಡು ಕೊಟ್ಟು ಹೀಗೆ ಹೇಳಿಸಿರಬೇಕು ಎಂದ. ಪ್ರಮಾಣ ಬೋಧಿಸುವ ಅದೇ ಕಂಠ.

ಆಕೆ ಇಬ್ಬರ ಮುಖವನ್ನೂ ನೋಡಿದಳು. ನಾನು ಒಂದು ಕವರು ಎತ್ತಿ ಅವಳ ಕೈಗಿಟ್ಟೆ. ಒಡೆದು ಮೂಗಿನ ಹತ್ತಿರ ಹಿಡಿದವಳು ಮುಖ ಹಿಂದಕ್ಕೆಳೆದುಕೊಂಡಳು. ಒಂದು ಕೈಗವಸನ್ನು ಅಳಿಯನ ಮುಂದೆ ಚಾಚಿದಳು.

"ಹೊಸ ಮಾಲಲ್ವಾ ಸರ್? ಹಾಕ್ಕೊಳ್ಳಿ."

ಅವನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಅದನ್ನು ಹಿಡಿದ. ನಗಲು ನೋಡಿದ. ಕೊನೆಗೂ ಅವನ ಕೈ ಒಳಗೆ ಹೋಗಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಕರವಸ್ತ್ರದಿಂದ ಒರೆಸಿಕೊಂಡ. ಆಕೆ ಮತ್ತೇನೂ ಕೇಳದೆ ಐದಾರು ಕವರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ವಾರ ಕಳೆಯುವಷ್ಟರಲ್ಲಿ ಮೂಗಪ್ಪನನ್ನು ಮತ್ತೆ ಕೆಲಸಕ್ಕೆ ಕರೆದರು. ಅಳಿಯನಿಗೇನಾಯಿತೆಂದರೆ, ಸುದ್ದಿ ಹೊರಗೆ ಹೋದರೆ ಕಂಪನಿಯ ಮರ್ಯಾದೆ ಹೋಗುತ್ತದೆಂದು ಹೆದರಿ ಅವನಿಂದ ರಾಜೀನಾಮೆ ಬರೆಸಿಕೊಂಡರು. ಪ್ರಾಮಾಣಿಕ ಸೇವೆ ಸಲ್ಲಿಸಿದ್ದಾರೆಂದು ಪ್ರಶಂಸಾಪತ್ರವನ್ನೂ ಕೊಟ್ಟು ಕಳಿಸಿದರು. ಅದನ್ನು ಊಟದ ಹೊತ್ತಿನಲ್ಲಿ ಅವನು ಗಟ್ಟಿಯಾಗಿ ಓದಿದ. ಮಗಳು ಕಣ್ಣೊರೆಸಿಕೊಂಡಳು.

ಆಮೇಲೆ ತಾನೇ ಸೌಟು ಹಿಡಿದು ನನಗೆ ಬಡಿಸಲು ಬಂದ. "ಆದದ್ದು ಆಯ್ತು, ಊಟ ಮಾಡಿ ಅತ್ತೆ. ಬೇರೆ ಕಡೆ ಮಾತಾಡಿದ್ದೀನಿ, ಅಲ್ಲೂ ಖರೀದಿ ವಿಭಾಗಾನೇ. ನಿಮ್ಮ ಹೆಸರಿನ ಕಂಪನಿ ಹಾಗೇ ಇರ್ಲಿ."

ತಟ್ಟೆ ಬಿಟ್ಟು ಎದ್ದೆ. ಬೆಳಗಾದ ಮೇಲೆ ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸಿದೆ. ಕಂಪನಿ ಮುಚ್ಚಲು ಯಾವ ಕಚೇರಿಗೆ ಹೋಗಬೇಕೆಂದು ಅಲ್ಲೇ ಕೇಳಿ, ಅಲ್ಲಿಗೂ ಹೋಗಿ ಅರ್ಜಿ ಕೊಟ್ಟೆ. ಮನೆಯವರನ್ನು ಒಂದು ಮಾತು ಕೇಳಬೇಡವೇ ಎಂದ ಗುಮಾಸ್ತ. ಮಾಲೀಕಳು ನಾನೇ ಎಂದೆ.