ಗುಂಡಿಗಳ ದೋಣಿ

"ಕಿಟಕಿ ಪಕ್ಕ, ಬೆಟ್ಟದ ಫೋಟೋ. ಸರಿ ತಾನೇ, ಮೇಡಂ?" ಎಂದು ಕೇಳಿ, ಹೂಂ ಅನ್ನಿಸಿಕೊಂಡ ಮೇಲೆಯೇ ಡ್ರಿಲ್ಲಿನವನು ತೂತು ಕೊರೆದ. ಹಿಂದೊಮ್ಮೆ ಯಾರದೋ ಮನೆಯಲ್ಲಿ ಕೇಳದೆ ಕೊರೆದು ಚೆನ್ನಾಗಿ ಬೈಸಿಕೊಂಡಿದ್ದನಂತೆ. ಅದಕ್ಕೇ ಇಲ್ಲಿ ಗೋಡೆಗೆ ಅಂಟಿಸಿದ್ದ ಚೀಟಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದದೆ ಡ್ರಿಲ್ಲು ಎತ್ತುತ್ತಿರಲಿಲ್ಲ.

ಚೀಟಿ ಅಂಟಿಸಿದವಳು ಮನೆಯೊಡತಿ, ಅಂದರೆ ಅಕ್ಕತಂಗಿ ಇಬ್ಬರಲ್ಲಿ ತಂಗಿ. ಪ್ರತಿ ಚಿತ್ರದ ಅಳತೆಗೂ ಹಳೇ ಪೇಪರು ಕತ್ತರಿಸಿ, ಅದರ ಮೇಲೆ ಚಿತ್ರದ ಹೆಸರು ಬರೆದು, ನಡುಮನೆಯ ಗೋಡೆಗೆ ಅಂಟಿಸಿ, ಹದಿನೈದು ದಿನ ಎದುರು ಕೂತು ಯೋಚಿಸಿದ್ದಳು. ಗಂಡನನ್ನು ಆರಿಸುವಾಗಲೂ ಅಷ್ಟು ಯೋಚಿಸಿರಲಿಲ್ಲ. ಭಾನುವಾರ ಆಫೀಸಿನವರು ಊಟಕ್ಕೆ ಬರುವವರಿದ್ದರು. ಅವರೆಲ್ಲ ಗೋಡೆಯನ್ನು ಬಾಯಿ ಬಿಟ್ಟುಕೊಂಡು ನೋಡಬೇಕೆಂಬುದು ಅವಳ ಆಸೆ.

ಅಕ್ಕ ಹೇಳದೆ ಕೇಳದೆ ಬಂದದ್ದು ಈ ತೂತು ಕೊರೆಯುವ ದಿನವೇ. ಕಾರ್ಖಾನೆಗೆ ರಜೆಯಂತೆ. ತಾಯಿಯಿಲ್ಲದ ತಂಗಿಗೆ ತಲೆ ಬಾಚಿ, ಪಾಠ ಒಪ್ಪಿಸಿಕೊಂಡು ಬೆಳೆಸಿದವಳು ಅವಳು. ಇಪ್ಪತ್ತು ವರ್ಷದಿಂದ ಶರ್ಟುಗಳಿಗೆ ಗುಂಡಿ ಹಾಕುವ ಕೆಲಸ. ಅಲ್ಲಿ ಎಸೆದ ಗುಂಡಿಗಳನ್ನು ಆಯ್ದು, ನಾಲ್ಕು ತಿಂಗಳು ಕೂತು ಬಟ್ಟೆಯ ಮೇಲೆ ಒಂದು ದೋಣಿ ಹೊಲಿದು, ಫ್ರೇಮು ಹಾಕಿಸಿ ತಂಗಿಯ ಹೊಸ ಮನೆಗೆಂದು ಕೊಟ್ಟಿದ್ದಳು.

ಈಗ ಟೀ ಲೋಟ ಹಿಡಿದು ಸೋಫಾದಲ್ಲಿ ಕೂತು, ಅವನು ಓದಿದ ಒಂದೊಂದು ಚೀಟಿಗೂ ತಲೆಯಾಡಿಸುತ್ತಿದ್ದಳು. ತನ್ನ ದೋಣಿಗೆ ಎಲ್ಲಿ ಜಾಗವೋ ಎಂದು ಕಾಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ತಂಗಿಗೆ ಕೊನೆಯ ಚೀಟಿಯ ನೆನಪಾದದ್ದು ಆಗ. ಕಿತ್ತುಹಾಕೋಣವೆಂದು ಏಳುವಷ್ಟರಲ್ಲಿ ಅವನು ಏಣಿ ಸರಿಸಿ ಓದಿಯೇಬಿಟ್ಟ.

"ಅಕ್ಕನ ದೋಣಿ, ಅವಳು ಬಂದಾಗ ಮಾತ್ರ. ಉಳಿದ ದಿನ ಕನ್ನಡಿ." ಅವನು ತಿರುಗಿದ. "ಈಗ ಯಾವುದು ಹಾಕ್ಲಿ ಮೇಡಂ?"

ನೆಲ ಬಾಯಿಬಿಟ್ಟಿದ್ದರೆ ತಂಗಿ ಹಾಗೇ ಇಳಿದುಹೋಗುತ್ತಿದ್ದಳು. ದೋಣಿ ಮಕ್ಕಳ ಕೈಕೆಲಸದ ಹಾಗಿದೆ, ಆಫೀಸಿನವರು ನಕ್ಕಾರು ಎಂದುಕೊಂಡೇ ಆ ಚೀಟಿ ಬರೆದದ್ದು. ಅದಕ್ಕೆ ಬೇರೆ ಅರ್ಥ ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

"ದೋಣೀನೇ ಹಾಕಪ್ಪ," ಎಂದಳು ಅಕ್ಕ. "ಬಂದಿದೀನಲ್ಲ."

ತಂಗಿ ಒಳಗಿಂದ ದೋಣಿ ತಂದುಕೊಟ್ಟಳು. ಅವನು ತೂಗುಹಾಕಿ, ಕಸ ಗುಡಿಸಿ ಹೋದ. ಅಕ್ಕ ಬೆಟ್ಟದ ಫೋಟೋ ಹೊಗಳಿದಳು, ಪರದೆಯ ಬಣ್ಣ ಹೊಗಳಿದಳು. ತಂಗಿ ಎರಡು ಸಲ "ಅಕ್ಕಾ, ಅದು" ಎಂದು ಶುರುಮಾಡಿದಳು. ಎರಡು ಸಲವೂ ಅಕ್ಕ ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತದೆಂದು ಕೇಳಿದಳು.

ಸಂಜೆ ಹೊರಡುವಾಗ ಚಪ್ಪಲಿ ಮೆಟ್ಟುವ ಮೊದಲು, ಅಕ್ಕ ಕುರ್ಚಿ ಹತ್ತಿ ದೋಣಿಯನ್ನು ಇಳಿಸಿದಳು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಕನ್ನಡಿಯನ್ನು ತಂದು ಆ ಮೊಳೆಗೆ ಸಿಕ್ಕಿಸಿದಳು.

"ಇದನ್ನ ಎಲ್ಲಿಡ್ತೀಯೇ?"

ತೊಳೆದ ತಟ್ಟೆ ಎಲ್ಲಿಡಲಿ ಎಂದು ಕೇಳುವ ದನಿ. ಅದರಲ್ಲಿ ಒಂಚೂರು ಕೊಂಕಿದ್ದರೂ ತಂಗಿ ಜಗಳವಾಡಿ ಅತ್ತು ಹಗುರಾಗುತ್ತಿದ್ದಳು.

"ಇರ್ಲಿ ಬಿಡಕ್ಕ, ಅಲ್ಲೇ ಇರ್ಲಿ."

"ಭಾನುವಾರ ಜನ ಬರ್ತಾರೆ ಅಂದ್ಯಲ್ಲ. ಹೇಳು."

ತಂಗಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಮಲಗುವ ಕೋಣೆಯ ಮಂಚದ ಕಡೆ, ಅದರ ಕೆಳಕ್ಕೆ, ಬೆರಳು ತೋರಿಸಿದಳು. ಅಕ್ಕ ಹೋಗಿ ಮಂಡಿಯೂರಿ ಕೂತಳು. ಅಲ್ಲಿನ ಧೂಳನ್ನು ಅಂಗೈಯಿಂದ ಒರೆಸಿ, ಗಾಜು ಮೇಲೆ ಮಾಡಿ, ದೋಣಿಯನ್ನು ಮೆಲ್ಲಗೆ ಒಳಕ್ಕೆ ಸರಿಸಿದಳು.